ಉದಾರಣಂ

ಅವರು ಹೋದ ತಿಂಗಳು ತೀರಿಕೊಂಡರು. ತಿಥಿ ಮುಗಿಯುವುದರೊಳಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ನೆನಪಿನ ಪುಸ್ತಕ ತರುವುದೆಂದು ತೀರ್ಮಾನಿಸಿ, "ಅವರ ಜಾಗದಲ್ಲೇ ಪಾಠ ಮಾಡುತ್ತಿರುವವರು ನೀವು. ನೀವೇ ಬರೆಯದಿದ್ದರೆ ಹೇಗೆ ಟೀಚರ್?" ಎಂದು ನನ್ನ ಬೆನ್ನು ಹತ್ತಿದರು. ತಮಿಳಿನಲ್ಲಿ ಎರಡು ಪುಟ ಬರೆದುಕೊಟ್ಟೆ. ಪೂರ್ತಿ ಹೊಗಳಿಕೆ. ಅದರಲ್ಲಿ ಒಂದು ಸಾಲೂ ಸುಳ್ಳಲ್ಲ. ಆದರೆ ಹಲ್ಲು ಕಚ್ಚಿಕೊಂಡು ಬರೆದದ್ದು. ಉಳಿದದ್ದನ್ನು ನನ್ನ ಭಾಷೆಯಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಸತ್ತವರ ಮೇಲೆ ಹಗೆ ಇಟ್ಟುಕೊಳ್ಳಬಾರದಂತೆ. ಯಾರು ಹೇಳಿದ್ದೋ ಕಾಣೆ. ಬದುಕಿದ್ದಾಗ ಇಟ್ಟುಕೊಂಡದ್ದನ್ನು ಸತ್ತ ಕೂಡಲೇ ಎಲ್ಲಿ ಬಿಸಾಕಲಿ? ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಮರ್ಯಾದೆಗೆಂದು ತಿಳಿಯಬೇಡಿ. ಮೂರು ವರ್ಷ ಅವರು ನನ್ನ ಅಪ್ಪನನ್ನು 'ಆ ಮೈಸೂರುಕಾರ' ಅಂದರೇ ಹೊರತು ಒಂದು ಸಲವೂ ಹೆಸರು ಹಿಡಿದು ಕರೆಯಲಿಲ್ಲ. ಈಗ ಪೆನ್ನು ನನ್ನ ಕೈಲಿದೆ, ಅವರಿಗೂ ಹೆಸರಿಲ್ಲ. ಮುಯ್ಯಿಗೆ ಮುಯ್ಯಿ.

ನಾವು ಗುಂಡ್ಲುಪೇಟೆ ಕಡೆಯವರು. ಅಪ್ಪ ನೀಲಗಿರಿಗೆ ಹತ್ತಿ ಬಂದು ಎಮರಾಲ್ಡ್ ಹತ್ತಿರ ಒಂದು ಇಳಿಜಾರಿನ ಹೊಲವನ್ನು ಗುತ್ತಿಗೆಗೆ ಹಿಡಿದು ಕ್ಯಾರೆಟ್ಟು, ಆಲೂಗೆಡ್ಡೆ, ಕೋಸು ಬೆಳೆಯುತ್ತಿದ್ದರು. ಹೊಲದ ಒಡೆಯರು ಬಡಗರ ಹಟ್ಟಿಯ ಹಿರಿಯರೊಬ್ಬರು. ಅಪ್ಪ ಅವರನ್ನು ಗೌಡ್ರು ಎನ್ನುತ್ತಿದ್ದರು. ಆ ಗೌಡರ ತಮ್ಮನೇ ನಮ್ಮ ಶಾಲೆಯ ವಿಜ್ಞಾನದ ಸಾರ್, ಈ ಬರಹದ ನಾಯಕರು.

ಶುಕ್ರವಾರದ ಕೊನೆಯ ಎರಡು ಪೀರಿಯಡ್ಡು ಅವರದು. ಅದಕ್ಕೆ ಅವರು ಇಟ್ಟ ಹೆಸರು ಗುಡ್ಡದ ಪಾಠ. ಪುಸ್ತಕ ಮುಚ್ಚಿಸಿ, ನಲವತ್ತು ಮಕ್ಕಳನ್ನು ಸಾಲಾಗಿ ಹೊರಡಿಸಿ, ತಾವು ಮುಂದೆ ನಡೆಯುವರು. ಹಿಂದೆ ತಿರುಗಿ ನೋಡಿದವರಲ್ಲ. ಕಂದು ಸ್ವೆಟರು, ಕಿವಿ ಮುಚ್ಚುವ ಮಫ್ಲರು, ಹೆಗಲ ಚೀಲದಲ್ಲಿ ಎರಡು ಗಾಜಿನ ಜಾಡಿ. ಒಂದು ಜಾಡಿಗೆ ಹುಲ್ಲಿನ ಬೋರೆಯಿಂದ ಇಳಿಯುವ ನೀರು, ಇನ್ನೊಂದಕ್ಕೆ ಅಗೆದ ಹೊಲದಿಂದ ಇಳಿಯುವ ನೀರು. ಮೊದಲನೆಯದು ತಿಳಿ, ಎರಡನೆಯದು ಗಸಿಗಸಿ ಟೀ. "ಈ ಎರಡನೇ ಜಾಡಿಯೊಳಗೆ ಇರೋದು ನೀರಲ್ಲ, ನಿಮ್ಮ ಮೊಮ್ಮಕ್ಕಳ ಅನ್ನ. ಅಣೆಕಟ್ಟಿಗೆ ಹೋಗ್ತಾ ಇದೆ. ಪುರಿಂಜುದಾ?" ಎನ್ನುವರು. ತಿಳಿಯಿತಾ ಅಂತ. "ಪುರಿಂಜುದು ಸಾರ್" ಎಂದು ನಾವು ಕೂಗಿದರೆ, "ಇಲ್ಲ, ಇನ್ನೂ ಪುರಿಯಲೆ" ಎಂದು ತಲೆಯಾಡಿಸಿ ಮುಂದೆ ನಡೆಯುವರು.

ಪ್ರತಿ ವರ್ಷದ ಮೊದಲ ಪಾಠದಲ್ಲಿ ಅವರ ಪ್ರಶ್ನೆ ಒಂದೇ. ಇಪ್ಪತ್ತು ವರ್ಷದ ಮೇಲೆ ಈ ಗುಡ್ಡದಲ್ಲಿ ಏನು ಬೆಳೆಯುತ್ತೀರಿ? ಚೀಟಿಯಲ್ಲಿ ಬರೆದುಕೊಡಬೇಕು. ಟೀ, ಕ್ಯಾರೆಟ್ಟು, ಬೆಳ್ಳುಳ್ಳಿ ಅಂತ ನಾವೆಲ್ಲ ಬರೆದೆವು. ಹಟ್ಟಿಯ ಹುಡುಗಿಯೊಬ್ಬಳು 'ಲಾಡ್ಜು' ಅಂತ ಬರೆದಳು. ಸಾರ್ ಹೊಟ್ಟೆ ಹಿಡಿದುಕೊಂಡು ನಕ್ಕು, "ಈ ತರಗತಿಯಲ್ಲಿ ಕಣ್ಣಿರೋಳು ಇವಳೊಬ್ಬಳೇ" ಅಂದರು.

ಇನ್ನೊಮ್ಮೆ ತೊರೆಯ ದಂಡೆಯಲ್ಲಿ ಕಾಡೆಮ್ಮೆಗಳ ಹಿಂಡು ಅಡ್ಡ ಬಂತು. ನಮ್ಮನ್ನೆಲ್ಲ ಕುಕ್ಕರಗಾಲಲ್ಲಿ ಕೂರಿಸಿ, ಅವು ಕೋಸಿನ ಹೊಲ ಮೇಯ್ದು ಮುಗಿಸುವ ತನಕ ತುಟಿ ಬಿಚ್ಚಗೊಡಲಿಲ್ಲ. ಆಮೇಲೆ ಹೋಂವರ್ಕು: ಆ ಹೊಲದ ಬೇಲಿ ಎಲ್ಲಿರಬೇಕಿತ್ತು, ನಕ್ಷೆ ಬರೆಯಿರಿ. ನನ್ನ ನಕ್ಷೆ ನೋಡಿ "ಪರವಾಯಿಲ್ಲೆ" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಆ ಒಂದು ಮಾತಿಗೆ ನಾನು ವಾರಗಟ್ಟಲೆ ಉಬ್ಬಿಕೊಂಡಿದ್ದೆ. ಒಳ್ಳೆಯ ಮೇಷ್ಟ್ರು ಅವರು. ಅದೇ ಸಂಕಟ ನೋಡಿ. ಕೆಟ್ಟ ಮೇಷ್ಟ್ರಾಗಿದ್ದರೆ ಯಾವತ್ತೋ ಮರೆತುಬಿಡುತ್ತಿದ್ದೆ.

ಎಂಟನೇ ತರಗತಿಯ ಮಳೆಗಾಲದಲ್ಲಿ ಗುಡ್ಡದ ಪಾಠ ನಮ್ಮ ಹೊಲದ ಮೇಲಿನ ರಸ್ತೆಗೆ ಬಂದು ನಿಂತಿತು. ಅಪ್ಪ ಕೆಳಗೆ ಕ್ಯಾರೆಟ್ಟು ಕೀಳಿಸುತ್ತಿದ್ದರು. ಶಾಲೆಯ ಮಕ್ಕಳನ್ನು ಕಂಡದ್ದೇ ತಡ, ಒಂದು ಮಂಕರಿ ತುಂಬಿಕೊಂಡು, ತೊರೆಯಲ್ಲಿ ತೊಳೆದು, ಏದುಸಿರು ಬಿಡುತ್ತ ರಸ್ತೆಗೆ ಹತ್ತಿ ಬಂದರು. ಒಂದು ಮಗುವನ್ನೂ ಬಿಡದೆ ಎಲ್ಲರಿಗೂ ಒಂದೊಂದು ಕೊಟ್ಟರು. ಸಾರ್ ಅಪ್ಪನಿಗೆ ತಮ್ಮ ಬಡಗ ಮಾತಿನಲ್ಲಿ "ಒಳ್ಳೆಂಗೆ ಇದ್ದೀಯ?" ಅಂದರು. "ಚೆನ್ನಾಗಿವ್ನಿ ಬುದ್ಧಿ" ಎಂದು ಅಪ್ಪ ಕೈ ಮುಗಿದರು. ಅಷ್ಟೇ ಮಾತು. ಅವರ ಬಡಗಕ್ಕೂ ನಮ್ಮ ಕನ್ನಡಕ್ಕೂ ನಡುವೆ ಆಳೆತ್ತರದ ಗೋಡೆಯೇನಿಲ್ಲ, ಇನ್ನೆರಡು ಮಾತು ಕೇಳಬಹುದಿತ್ತು. ಕೇಳಲಿಲ್ಲ. ನಮ್ಮ ಕಡೆ ತಿರುಗಿ ತಮಿಳಿಗೆ ಇಳಿದರು.

"ನೋಡಿ. ಸಾಲೆಲ್ಲ ಮೇಲಿಂದ ಕೆಳಕ್ಕೆ ನೆಟ್ಟಗೆ ಇಳಿದಿದೆ. ಅಡ್ಡಕ್ಕೆ ಒಂದು ಬದು ಇಲ್ಲ, ಒಂದು ಹುಲ್ಲಿನ ಪಟ್ಟಿ ಇಲ್ಲ. ಮಳೆ ಬಂದರೆ ಮಣ್ಣು ಕುದುರೆ ಹತ್ತಿದ ಹಾಗೆ ಓಡುತ್ತೆ. ಒಂದು ಗುಡ್ಡವನ್ನ ಹೇಗೆ ಕೊಲ್ಲಬಹುದು ಅನ್ನೋದಕ್ಕೆ ಇದುದಾನ್ ಉದಾರಣಂ. ಉದಾರಣಂ!" ಎರಡನೇ ಸಲ ಹೇಳುವಾಗ ಕೈ ಚಾಚಿ ಅಪ್ಪನನ್ನೇ ತೋರಿಸಿದರು. ಮಕ್ಕಳು ಅಪ್ಪ ಕೊಟ್ಟ ಕ್ಯಾರೆಟ್ಟನ್ನು ಕಟಂ ಕಟಂ ಅಂತ ಕಡಿಯುತ್ತ ನಕ್ಕರು. ಅಪ್ಪನೂ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ತಮಿಳಿನ ಇದುದಾನ್ ಅಂದರೆ ಇದೇ, ಉದಾರಣಂ ಅಂದರೆ ನಮ್ಮ ಉದಾಹರಣೆ. ಅಪ್ಪನಿಗೆ ಮಂಡಿಯ ತಮಿಳು ನೀರು ಕುಡಿದಷ್ಟು ಸಲೀಸು. ಮೂಟೆ, ತೂಕ, ಲಾರಿ, ಬೈಗುಳ ಎಲ್ಲ ಬರುತ್ತಿತ್ತು. ಪಾಠದ ತಮಿಳು ಬರುತ್ತಿರಲಿಲ್ಲ. ಅವತ್ತು ಸಂಜೆ ಮನೆಗೆ ಬಂದವರೇ ಕಾಲು ಕೂಡ ತೊಳೆಯದೆ ಶುರು ಮಾಡಿದರು.

"ಕೇಳ್ದೇನವ್ವ? ಮೇಷ್ಟ್ರು ಅಷ್ಟ್ ಮಕ್ಕಳ ಮುಂದೆ ನನ್ನ ಉದಾರ ಅಂದ್ರು. ಒಂದ್ ದಪ ಅಲ್ಲ, ಎರಡ್ ದಪ. ಕೈ ತೋರ್ಸಿ ಅಂದ್ರು."

"ಹೂಂ ಅಪ್ಪ" ಅಂದೆ. ಆ ಮುಖ ನೋಡಿಕೊಂಡು ಬೇರೆ ಏನು ಹೇಳಲಿ?

ಮುಂದಿನ ವರ್ಷದಿಂದ ರಸ್ತೆಯ ಪಕ್ಕದ ಒಂದು ಪಾತಿಯನ್ನು ಅಪ್ಪ ಮಾರಾಟಕ್ಕೆ ಮುಟ್ಟುತ್ತಲೇ ಇರಲಿಲ್ಲ. ಅದರ ಹೆಸರು ಮೇಷ್ಟ್ರ ಪಾತಿ. ಗುಡ್ಡದ ಪಾಠಕ್ಕೆ ಬರುವ ಮಕ್ಕಳಿಗೆಂದು ಮೀಸಲು. ಅದೂ ಮೇಲಿಂದ ಕೆಳಕ್ಕೆ ನೆಟ್ಟಗೇ ಇತ್ತು. ಸಾರ್ ಪ್ರತಿ ಮಳೆಗಾಲ ತಪ್ಪದೆ ಬಂದರು, ಅಪ್ಪ ಪ್ರತಿ ಸಲ ಹಂಚಿದರು, ಇವರು ಪ್ರತಿ ಸಲ ಉದಾರಣಂ ಅಂದರು, ಅಪ್ಪ ಪ್ರತಿ ಸಲ ನಾಚಿಕೊಂಡು ತಲೆ ತಗ್ಗಿಸಿದರು.

ಸಾಲು ನೆಟ್ಟಗೆ ಇಳಿಸಿದ್ದೇಕೆಂದು ಅಪ್ಪ ನನಗೆ ಮೊದಲೇ ಹೇಳಿದ್ದರು. ಈ ಮಳೆಗೆ ನೀರು ಒಂದು ದಿನ ನಿಂತರೂ ಗೆಡ್ಡೆ ಕೊಳೆಯುತ್ತದೆ. ಅಡ್ಡ ಸಾಲು ಹಾಕಬೇಕಾದರೆ ಗುಡ್ಡವನ್ನು ಮೆಟ್ಟಿಲಾಗಿ ಕಡಿದು, ನೀರು ಹೋಗಲು ದಾರಿ ಮಾಡಿ, ಬದು ಕಟ್ಟಬೇಕು. ಅಪ್ಪ ಅದಕ್ಕೂ ತಯಾರಿದ್ದರು. ಗೌಡರು ಬಿಡಲಿಲ್ಲ. "ವರ್ಷ ವರ್ಷದ ಗುತ್ತಿಗೆಯವ ನೀನು. ಇವತ್ತು ಬದು ಕಟ್ಟುತ್ತೀಯ, ನಾಳೆ ಹೊಲವೇ ನನ್ನದು ಅನ್ನುತ್ತೀಯ. ಒಂದು ಕಲ್ಲು ಅಲ್ಲಾಡಿಸಿದರೂ ಬಿಟ್ಟು ಹೋಗಬೇಕು" ಅಂದಿದ್ದರಂತೆ. ಈ ಷರತ್ತು ಅವರ ತಮ್ಮನಾದ ಸಾರ್‌ಗೆ ಗೊತ್ತಿರಲಿಲ್ಲವೇ? ಒಂದೇ ಒಲೆಯ ಅನ್ನ ಉಣ್ಣುತ್ತಿದ್ದವರು ಅಣ್ಣತಮ್ಮ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಹತ್ತನೇ ತರಗತಿಯಲ್ಲಿ ಇದೆಲ್ಲಕ್ಕೂ ಕಳಶವಿಟ್ಟ ಹಾಗೆ ಆಯಿತು. ರಸ್ತೆಯ ಮೇಲೆ ನಿಂತು ಸಾರ್, "ಈ ಸಲ ನಾನು ಹೇಳಲ್ಲ. ಇವಳು ಹೇಳ್ತಾಳೆ" ಎಂದು ನನ್ನನ್ನು ಮುಂದಕ್ಕೆ ತಂದರು. ಅದು ನನ್ನ ಅಪ್ಪನ ಹೊಲ ಅಂತ ಅವರಿಗೆ ಗೊತ್ತಿತ್ತು. ಅವರ ಲೆಕ್ಕದಲ್ಲಿ ಅದು ನನಗೆ ಕೊಟ್ಟ ಗೌರವ. ಮನೆಯವರ ತಪ್ಪನ್ನು ಮುಲಾಜಿಲ್ಲದೆ ಹೇಳುವುದೇ ವಿಜ್ಞಾನ ಅನ್ನುವವರು ಅವರು. ನಾನು ಹೇಳಿದೆ. ಅಯ್ಯೋ ಶಿವನೇ, ಎಷ್ಟು ಹೇಳಿದೆ! ಅಚ್ಚ ತಮಿಳಿನಲ್ಲಿ, ಅರ್ಧ ಗಂಟೆ. ಸಾಲಿನ ತಪ್ಪು, ಬದುವಿನ ತಪ್ಪು, ಗೊಬ್ಬರ ತೊಳೆದು ಹೋಗುವುದು, ಕೆಳಗಿನ ತೊರೆ ಕದಡುವುದು, ಹತ್ತು ವರ್ಷದಲ್ಲಿ ಇಲ್ಲಿ ಬಂಡೆ ಮಾತ್ರ ಉಳಿಯುವುದು. ಗೌಡರ ಷರತ್ತನ್ನು ಮಾತ್ರ ಹೇಳಲಿಲ್ಲ. ಅದು ಸಾರ್ ಕಲಿಸಿದ ಪಾಠದಲ್ಲಿ ಇರಲಿಲ್ಲ.

ಅಪ್ಪ ತಲೆಯ ಟವೆಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಪಕ್ಕದ ಆಳುಗಳಿಗೆ "ನನ್ ಮಗ್ಳು, ನನ್ ಮಗ್ಳು" ಎಂದು ತೋರಿಸುತ್ತ ನಿಂತಿದ್ದರು. ನಾನು ಮುಗಿಸಿದಾಗ ಮೊದಲು ಚಪ್ಪಾಳೆ ಹೊಡೆದವರು ಅವರೇ. ಸಾರ್ ಬೆನ್ನು ತಟ್ಟಿ "ಪರವಾಯಿಲ್ಲೆ" ಅಂದರು. ಆ ಹೊತ್ತಿನಲ್ಲಿ ನನಗೆ ನಿಜವಾಗಿಯೂ ಹೆಮ್ಮೆಯಾಯಿತು. ಉಳಿದ ಏನನ್ನು ಬೇಕಾದರೂ ಕ್ಷಮಿಸಿಯೇನು, ನನಗೆ ಹೆಮ್ಮೆಯಾಗುವ ಹಾಗೆ ಮಾಡಿದ್ದನ್ನು ಮಾತ್ರ ಕ್ಷಮಿಸಿಲ್ಲ.

ಆ ಬೆಳೆ ಮುಗಿದದ್ದೇ ಗೌಡರು ಹೊಲ ವಾಪಸು ಕೇಳಿದರು. ಅಪ್ಪನಿಗೆ ಹೇಳಿದ್ದು ಇಷ್ಟು: ಮುಂದಿನ ವರ್ಷದಿಂದ ಟೀ ಹಾಕುತ್ತೇನೆ. ಅದರ ಹಿಂದಿನದು ನನಗೆ ತರಗತಿಯಲ್ಲಿ ತಿಳಿಯಿತು. ಸಾರ್ ಕೈ ಉಜ್ಜಿಕೊಳ್ಳುತ್ತ ಬಂದು, "ಆ ಮೈಸೂರುಕಾರನ ಹೊಲ ಇತ್ತಲ್ಲ, ನಮ್ಮ ಅಣ್ಣನಿಗೆ ಹೇಳಿ ಹೇಳಿ ಬಿಡಿಸಿದೆ. ಇನ್ನು ಅಲ್ಲಿ ಟೀ. ಮಣ್ಣು ನಿಲ್ಲುತ್ತೆ. ನಮ್ಮ ಮಕ್ಕಳು ಒಂದು ಗುಡ್ಡ ಉಳಿಸಿದರು, ಕೈ ತಟ್ಟಿ!" ಅಂದರು. ಎಲ್ಲರೂ ತಟ್ಟಿದರು. ನಾನೂ ತಟ್ಟಿದೆ.

ಬೇರೆ ಹೊಲ ಸಿಗಲಿಲ್ಲ. ಅಪ್ಪ ಕ್ಯಾರೆಟ್ಟು ತೊಳೆಯುವ ಮೆಷಿನ್ನಿನ ಹತ್ತಿರ ಕೂಲಿಗೆ ನಿಂತರು. ಇನ್ನೊಬ್ಬರು ಬೆಳೆದದ್ದನ್ನು ತೊಳೆಯುವ ಕೆಲಸ. ಚಳಿಗಾಲದಲ್ಲಿ ಕೈಬೆರಳು ಮಡಚಲು ಆಗುತ್ತಿರಲಿಲ್ಲ. ಹಾಗಿದ್ದೂ ಅಪ್ಪ ಒಂದು ದಿನ ಗೊಣಗಲಿಲ್ಲ. "ಹೊಲ ಹೋಯ್ತು, ಹೋಗ್ಲಿ ಬುಡು. ಮೇಷ್ಟ್ರಂಥ ಮೇಷ್ಟ್ರು ನನ್ನ ಉದಾರ, ಒಳ್ಳೆ ಬೇಸಾಯ್ಗಾರ ಅಂತ ಮಕ್ಕಳ ಕರ್ಕಂಬಂದು ತೋರುಸ್ತಿದ್ರಲ್ಲ, ಅದು ಯಾರ್ಗವ್ವ ಸಿಕ್ಕದು?" ಎನ್ನುತ್ತಿದ್ದರು. ಮೆಷಿನ್ನಿನ ಹತ್ತಿರ ಹೊಸಬರು ಯಾರು ಬಂದರೂ ಆ ಕತೆ ಕೇಳಲೇಬೇಕು. ಅಪ್ಪನ ಹತ್ತಿರ ಉಳಿದಿದ್ದ ಆಸ್ತಿ ಅದೊಂದೇ.

ನಾನು ಓದಿದೆ. ಅಪ್ಪನ ಬೆರಳು ಕಂಡಾಗಲೆಲ್ಲ ಇನ್ನೊಂದು ಪುಟ ಹೆಚ್ಚು ಓದಿದೆ. ಊಟಿಯಲ್ಲಿ ಡಿಗ್ರಿ, ಆಮೇಲೆ ಬಿ.ಎಡ್. ಸಾರ್ ನಿವೃತ್ತರಾದ ಮೇಲೆ ಅದೇ ಶಾಲೆಗೆ, ಅದೇ ವಿಷಯಕ್ಕೆ ಹಟ ಹಿಡಿದು ಬಂದೆ. ಶುಕ್ರವಾರದ ಆ ಎರಡು ಪೀರಿಯಡ್ಡನ್ನೂ ಕೇಳಿ ಪಡೆದೆ. ಸಹೋದ್ಯೋಗಿಗಳು ಗುರುಭಕ್ತಿ ಅಂದುಕೊಂಡರು. ಅಂದುಕೊಳ್ಳಲಿ. ಅಷ್ಟರಲ್ಲಿ ಗೌಡರು ತೀರಿಕೊಂಡು ಆ ಹೊಲ ಸಾರ್ ಪಾಲಿಗೇ ಬಂದಿತ್ತು.

ಮೊದಲ ಮಳೆಗಾಲ ಬರುವವರೆಗೆ ಕಾದೆ. ಅದಕ್ಕೆ ಮುಂಚೆ ಎರಡು ಭಾನುವಾರ ಒಬ್ಬಳೇ ಹೋಗಿ ಅಲ್ಲಿ ತಿರುಗಾಡಿ ಬಂದಿದ್ದೆ. ಟೀ ಗಿಡದ ಬುಡವೆಲ್ಲ ಕಳೆನಾಶಕ ಹೊಡೆದು ಬೋಳು. ಒಂದು ಗರಿಕೆ ಇಲ್ಲ. ನೀರು ಹೋಗಲು ತೋಡಿದ ಕಾಲುವೆ ಮೇಲಿಂದ ಕೆಳಕ್ಕೆ ನೆಟ್ಟಗೆ, ನಮ್ಮಪ್ಪನ ಸಾಲಿಗಿಂತ ನೆಟ್ಟಗೆ. ನನಗೆ ಹಬ್ಬವೇ ಆಯಿತು. ಜೋರು ಮಳೆ ಬಂದು ಬಿಟ್ಟ ಒಂದು ಶುಕ್ರವಾರ ಮೂವತ್ತೈದು ಮಕ್ಕಳನ್ನು ಅಲ್ಲಿಗೆ ಹೊರಡಿಸಿದೆ. ಹೊಲದ ಪಕ್ಕದಲ್ಲೇ ಅವರ ಮನೆ. ಗಲಾಟೆ ಕೇಳಿ ಕೋಲೂರಿಕೊಂಡು ಹೊರಗೆ ಬಂದರು. ನನ್ನನ್ನು ಕಂಡು ಅವರ ಮುಖ ಅರಳಿತು.

"ಗುಡ್ಡದ ಪಾಠವಾ? ಬಾ, ಬಾ. ನಿಲ್ಲಿಸಿಬಿಟ್ಟಿರಬೇಕು ಅಂದುಕೊಂಡಿದ್ದೆ."

"ನಿಲ್ಲಿಸ್ತೀನಾ ಸಾರ್? ಕೇಳಿಸ್ಕೊಳ್ಳಿ" ಎಂದೆ.

ಮಕ್ಕಳ ಕೈಲಿ ಕಾಲುವೆಯ ನೀರು ಹಿಡಿಸಿದೆ. ಜಾಡಿ ಕೆಂಪಗೆ ತುಂಬಿತು. ಅವರದೇ ಮಾತು, ಅವರದೇ ನಿಲುವು, ಕೈ ಚಾಚುವುದೂ ಅವರದೇ. "ಒಂದು ಗುಡ್ಡವನ್ನ ಹೇಗೆ ಕೊಲ್ಲಬಹುದು ಅನ್ನೋದಕ್ಕೆ ಇದುದಾನ್ ಉದಾರಣಂ" ಅಂದೆ. ಬೆರಳು ಕಾಲುವೆಯಿಂದ ಎತ್ತಿ ಸೀದಾ ಅವರಿಗೆ ಹಿಡಿದೆ. "ಉದಾರಣಂ!"

ಅಪ್ಪನ ಹಾಗಲ್ಲ, ಅವರಿಗೆ ಪ್ರತಿ ಅಕ್ಷರವೂ ಅರ್ಥವಾಯಿತು. ಮಕ್ಕಳು ನಗಲಿಲ್ಲ. ಮುದುಕರನ್ನು ನೋಡಿ ನಗುವುದಕ್ಕೆ ಅಂಜಿದವು. ಅವರು ಜಾಡಿ ಈಸಿಕೊಂಡು ಬೆಳಕಿಗೆ ಹಿಡಿದು ನೋಡಿದರು, ಬಹಳ ಹೊತ್ತು.

"ಹೇಳಿದ್ದೆಲ್ಲ ಸರಿ. ಆದರೆ ಒಂದು ಬಿಟ್ಟೆ. ಹೊಲದವನು ಯಾಕೆ ಹೀಗೆ ಮಾಡಿದ ಅಂತ ಕೇಳಲಿಲ್ಲ. ಕಳೆ ಕೀಳೋಕೆ ಆಳು ಸಿಕ್ಕಲ್ಲಮ್ಮ. ನನಗೆ ಈ ಮೊಣಕಾಲಲ್ಲಿ ಇಳಿಯೋಕಾಗಲ್ಲ. ಔಷಧಿ ಹೊಡೆಸದೆ ಏನು ಮಾಡಲಿ?"

"ಆ ಪಾಠ ನೀವು ಮಾಡಲೇ ಇಲ್ಲ ಸಾರ್."

ಅವರು ಜಾಡಿಯನ್ನು ನೆಲಕ್ಕಿಟ್ಟು ಎರಡೂ ಕೈಯಲ್ಲಿ ಕೋಲು ಹಿಡಿದರು. ನೋಡಿದೆ, ಕಣ್ತುಂಬ ನೋಡಿದೆ. "ನಿಮ್ಮ ಅಪ್ಪ..." ಅಂದು ನಿಲ್ಲಿಸಿದರು. ಮುಂದಿನ ಮಾತಿಗೆ ನಾನು ನೆರವಾಗಲಿಲ್ಲ. ಕೊನೆಗೆ ಅವರೇ ಮಕ್ಕಳಿಗೆ ಕೇಳಿಸದ ಹಾಗೆ, "ಅವರಿಗೆ ಗೊತ್ತಾ, ನಾನು ಅಲ್ಲಿ ನಿಂತು ಏನು ಹೇಳ್ತಿದ್ದೆ ಅಂತ?" ಎಂದರು.

"ಇಲ್ಲ. ಹೊಗಳುತ್ತಿದ್ದಿರಿ ಅಂತ ತಿಳಿದಿದ್ದಾರೆ."

"ಹಾಗಿದ್ದರೆ ಹೇಳಬೇಡ. ಹೇಳಬೇಡ ಕಣಮ್ಮ."

ಆಹಾ! ಈಗ ಬಂತು ನೋಡು ಹೆದರಿಕೆ, ಅಂದುಕೊಂಡೆ. ತಾನು ಮಾಡಿದ್ದು ಮೈಸೂರುಕಾರನಿಗೆ ತಿಳಿದರೆ ಮುಖ ಎಲ್ಲಿಟ್ಟುಕೊಳ್ಳುವುದು ಅಂತ. ಅವರು ಬೇಡ ಅಂದದ್ದಕ್ಕೇ ಹೇಳಬೇಕು ಅನ್ನಿಸಿತು. ಅದುವರೆಗೆ ಆ ಯೋಚನೆಯೇ ನನಗಿರಲಿಲ್ಲ. ಸೇಡಿನಲ್ಲಿ ಸುಖವಿಲ್ಲ ಅನ್ನುವವರು ತೀರಿಸಿಕೊಳ್ಳಲು ಆಗದವರು. ಸುಖವಿದೆ. ಗುಡ್ಡ ಇಳಿದು ಮನೆಯ ಬಾಗಿಲಿಗೆ ಬರುವ ತನಕ ನನಗೆ ಕಾಲು ನೆಲದ ಮೇಲಿರಲಿಲ್ಲ.

ಅಪ್ಪ ಜಗಲಿಯಲ್ಲಿ ಬಟಾಣಿ ಸುಲಿಯುತ್ತಿದ್ದರು. ಕೂಲಿ ಬಿಡಿಸಿ ನನ್ನ ಜೊತೆಗೇ ಇಟ್ಟುಕೊಂಡಿದ್ದೆ. "ಅಪ್ಪ, ಇವತ್ತು ನಿನ್ನ ಸೇಡು ತೀರಿಸ್ದೆ" ಅಂದೆ.

"ನನ್ ಸೇಡಾ? ಯಾರ್ ಮ್ಯಾಲವ್ವ?"

ಹೇಳಿದೆ. ನಿಂತ ಕಾಲಲ್ಲೇ ಎಲ್ಲ ಹೇಳಿದೆ. ಉದಾರಣಂ ಅಂದರೆ ಉದಾರ ಅಲ್ಲ, ಉದಾಹರಣೆ, ಹೀಗೆ ಮಾಡಬಾರದು ಅನ್ನುವುದಕ್ಕೆ ಉದಾಹರಣೆ ಅಂದೆ. ಹೊಲ ಬಿಡಿಸಿದವರೂ ಅವರೇ ಅಂದೆ. ಹೇಳುತ್ತ ಹೇಳುತ್ತ ಅಪ್ಪನ ಮುಖ ನೋಡಿದೆ, ಆಮೇಲೆ ನಿಲ್ಲಿಸಬೇಕೆಂದರೂ ನಿಲ್ಲಿಸಲು ಏನೂ ಉಳಿದಿರಲಿಲ್ಲ. ಸಾರ್ ಹೆದರಿದ್ದು ತಮಗಾಗಿ ಅಲ್ಲ, ಅಪ್ಪನಿಗಾಗಿ ಅಂತ ಆಗ ತಿಳಿಯಿತು. ಅದಕ್ಕೂ ಅವರ ಮೇಲೇ ಸಿಟ್ಟು ಬಂತು. ಮೂರು ವರ್ಷ ಒಂದು ಮಾತು ಕೇಳದವರಿಗೆ ಅದು ನನಗಿಂತ ಮೊದಲು ಹೇಗೆ ಹೊಳೆಯಿತು? ಇವತ್ತಿಗೂ ಆ ಸಿಟ್ಟು ಇಳಿದಿಲ್ಲ.

ಅಪ್ಪ ತಲೆ ಎತ್ತಲಿಲ್ಲ. ಮಡಚಲು ಬಾರದ ಬೆರಳಲ್ಲಿ ಒಂದು ಸಿಪ್ಪೆ ಬಿಡಿಸಿ, ಕಾಳು ಮೊರಕ್ಕೆ ಹಾಕಿದರು. ಇನ್ನೊಂದು ಬಿಡಿಸಿದರು.

"ಆವತ್ತು ನೀನೂವೆ ನಿಂತ್ಕಂಡು ಅರ್ಧ ಗಂಟೆ ಹೇಳ್ದಲ್ಲವ್ವ. ಅದೂ ಇದೇಯಾ?"

"ಹೂಂ" ಅಂದೆ.

ಅಪ್ಪ ಇನ್ನೂ ಒಂದೆರಡು ಕಾಯಿ ಸುಲಿದರು. ಆಮೇಲೆ ಮೊರ ಪಕ್ಕಕ್ಕೆ ಸರಿಸಿ, ನನಗೆ ಕೂರಲು ಜಾಗ ಮಾಡಿದರು.

"ಒಂದ್ ಕಡೇನೂ ತಡವರಿಸ್ನಿಲ್ಲ ಕಣವ್ವ ನೀನು" ಅಂದರು.